ಮನೆ ಕೆಲಸ ಅರ್ಧಕ್ಕೆ ಬಂದಾಗ ಕಂಟ್ರಾಕ್ಟರ್ ರೇಟ್ ಏರಿಸಬಹುದಾ?

ಅಗ್ರಿಮೆಂಟಿನಲ್ಲಿ ಅವಕಾಶ ಇದ್ದರೆ ಏರಿಸಬಹುದು. ಚದರಡಿಗೆ ಇಷ್ಟು ಅಂತ ಮಾತ್ರ ಬರೆದಿದ್ದರೆ, ಅವರೊಬ್ಬರೇ ತೀರ್ಮಾನಿಸುವ ಹಾಗಿಲ್ಲ. 1872ರ ಕರಾರು ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಕರಾರು ಬದಲಿಸಲು ಇಬ್ಬರ ಒಪ್ಪಿಗೆಯೂ ಬೇಕು. ಹಾಗಂತ ನೀವೇ ಬಾಯಿಮಾತಿನಲ್ಲಿ ಇನ್ನೊಂದು ರೂಮು ಹಾಕಿಸಿಕೊಂಡು, ಆಮೇಲೆ ದುಡ್ಡು ಕೊಡಲ್ಲ ಅಂದರೆ ನಡೆಯುವುದಿಲ್ಲ. ಅದಕ್ಕೆ ಅದೇ ಕಾಯ್ದೆಯ 70ನೇ ಸೆಕ್ಷನ್ ಇದೆ: ಪುಕ್ಕಟೆ ಅಲ್ಲದೆ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ತಕ್ಕ ದುಡ್ಡು ಕೊಡಬೇಕು.

ಸುಮ್ನೆ ಜಗಳ ಬೇಡ ಅಂದರೆ ಕಬ್ಬಿಣ, ಸಿಮೆಂಟಿನ ಇವತ್ತಿನ ದರವನ್ನು ಅಗ್ರಿಮೆಂಟಿನಲ್ಲೇ ಬರೆಸಿ. ಶೇ. 5ರವರೆಗಿನ ಏರಿಕೆ ಅವರದು, ಅದರ ಮೇಲಿನದು ನಿಮ್ಮದು ಅನ್ನಿ. ಉದಾಹರಣೆಗೆ ಕಬ್ಬಿಣ ಕೆಜಿಗೆ 60 ರೂಪಾಯಿ ಇದ್ದದ್ದು 72 ಆಯಿತು ಅಂತಿಟ್ಟುಕೊಳ್ಳಿ. 63ರವರೆಗೆ ಅವರ ತಲೆಗೆ. ಉಳಿದ 9 ರೂಪಾಯಿಯಂತೆ 8 ಟನ್ನಿಗೆ ನೀವು ಕೊಡಬೇಕಾದ್ದು 72,000. ದರ ಇಳಿದರೆ ನಿಮಗೂ ಇದೇ ಲೆಕ್ಕದಲ್ಲಿ ವಾಪಸ್ ಬರಬೇಕು, ಅಲ್ವಾ? ಅದನ್ನೂ ಬರೆಸಿ. ಅವರಾಗಿ ನೆನಪಿಸುವುದಿಲ್ಲ!

ನಮ್ಮ ಮನೆಯ ಸಂಪು ಅಗೆಯುವಾಗ ಐದಡಿಗೇ ಬಂಡೆ ಸಿಕ್ಕಿತು. ಬಂಡೆ ಒಡೆಯಲು ರೇಟೇ ಬರೆದಿರಲಿಲ್ಲ. ಎರಡು ವಾರ ಕೆಲಸ ನಿಂತಿತು. ಹೆಚ್ಚುವರಿ ಕೆಲಸ ಏನೇ ಇರಲಿ, ಶುರು ಮಾಡುವ ಮೊದಲೇ ಅಳತೆ, ದರ ಬರೆದು ಇಬ್ಬರೂ ಸಹಿ ಹಾಕಿ. ವಾಟ್ಸಾಪಿನಲ್ಲಿ ‘ಓಕೆ’ ಅಂದುಬಿಡುವ ಮುಂಚೆಯೂ ಒಮ್ಮೆ ಯೋಚಿಸಿ, ಅದೂ ಒಪ್ಪಿಗೆಯೇ ಆಗಬಹುದು.