ಟಯರ್ ದೊಡ್ಡದಾದರೆ ಮೈಲೇಜ್ ಏಕೆ ಇಳಿಯಿತು?

ಪ್ರಶ್ನೆ: ಅಡಕೆ, ತೆಂಗಿನಕಾಯಿ, ಬಾಳೆಗೊನೆ ಸಾಗಿಸಲು ನಮ್ಮಲ್ಲೊಂದು ಡೀಸೆಲ್ ಪಿಕಪ್ ಇದೆ. ಅದು ಹೆಚ್ಚಾಗಿ ಪೆರ್ಲ, ವಿಟ್ಲ ದಾರಿಯಾಗಿ ಪುತ್ತೂರಿಗೂ ಅಪರೂಪಕ್ಕೆ ಹೆದ್ದಾರಿಯಲ್ಲಿ ಮಂಗಳೂರಿಗೂ ಓಡುತ್ತದೆ. 215/75 ಆರ್ 15 ಅಳತೆಯ ಹಳೆಯ ಟಯರ್‌ಗಳು ಪೂರ್ತಿ ಸವೆದಿದ್ದರಿಂದ, ಚಕ್ರ ದೊಡ್ಡದಾದರೆ ಎಂಜಿನ್ ಕಡಿಮೆ ತಿರುಗಿ ಡೀಸೆಲ್ ಉಳಿಯುತ್ತದೆ ಎಂಬ ಅಂಗಡಿಯವರ ಮಾತು ನಂಬಿ 235/75 ಆರ್ 15 ಹಾಕಿಸಿದೆ. ಆದರೆ ಲೀಟರಿಗೆ 14 ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಈಗ 13.4 ಕೊಡುತ್ತಿದೆ. ಮೆಕ್ಯಾನಿಕ್ ಕ್ರೌನ್ ಪಿನಿಯನ್ (ಹಿಂದಿನ ಚಕ್ರಗಳನ್ನು ತಿರುಗಿಸುವ ಹಲ್ಲುಗಾಲಿಗಳ ಜೋಡಿ) ಬದಲಿಸಬೇಕೆನ್ನುತ್ತಾರೆ. ಬದಲಿಸಲೇ?
– ಬದಿಯಡ್ಕದ ಒಬ್ಬ ಕೃಷಿಕರು

ಉತ್ತರ: ಕ್ರೌನ್ ಪಿನಿಯನ್‌ಗೆ ಕೈ ಹಾಕುವ ಮೊದಲು ನಿಮ್ಮ ಲೆಕ್ಕವನ್ನೇ ಒಮ್ಮೆ ತಿದ್ದಿಕೊಳ್ಳೋಣ. ನಿಮ್ಮ ಗಾಡಿಯ ಮೀಟರು ರಸ್ತೆಯನ್ನು ಅಳೆಯುವುದಿಲ್ಲ. ಚಕ್ರ ಎಷ್ಟು ಸುತ್ತು ತಿರುಗಿತೆಂದು ಎಣಿಸಿ, ಕಾರ್ಖಾನೆಯಲ್ಲಿ ಕೊಟ್ಟ ಟಯರ್ ಇನ್ನೂ ಇದೆಯೆಂಬ ನಂಬಿಕೆಯ ಮೇಲೆ ಅದನ್ನು ಕಿಲೋಮೀಟರಾಗಿ ತೋರಿಸುತ್ತದೆ. 215/75 ಆರ್ 15 ಎಂಬಲ್ಲಿ 215 ಟಯರಿನ ಅಗಲ ಮಿಲಿಮೀಟರಿನಲ್ಲಿ, 75 ಎಂದರೆ ಬದಿಯ ಎತ್ತರ ಆ ಅಗಲದ ನೂರರಲ್ಲಿ ಎಪ್ಪತ್ತೈದು ಪಾಲು, 15 ಎಂದರೆ ರಿಮ್ಮಿನ ವ್ಯಾಸ ಇಂಚಿನಲ್ಲಿ. ರಿಮ್ಮಿನ ವ್ಯಾಸಕ್ಕೆ ಮೇಲಿನ, ಕೆಳಗಿನ ಎರಡೂ ಬದಿಯ ಎತ್ತರ ಕೂಡಿಸಿದರೆ ಹೊಸ 215ರ ವ್ಯಾಸ 703.5 ಮಿಲಿಮೀಟರ್, 235ರ ವ್ಯಾಸ 733.5 ಮಿಲಿಮೀಟರ್ ಆಗುತ್ತದೆ. ಅಂದರೆ ಹೊಸ ಟಯರ್ ಒಂದು ಸುತ್ತಿಗೆ ಶೇಕಡಾ 4.3ರಷ್ಟು ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಮಾತ್ರ ಅದರ ಸುಳಿವಿರುವುದಿಲ್ಲ. ಅದು 100 ಎಂದು ತೋರಿಸುವಾಗ ನೀವು ನಿಜವಾಗಿ 104.3 ಕಿಲೋಮೀಟರ್ ಓಡಿರುತ್ತೀರಿ. ನಿಮ್ಮ 13.4ನ್ನು ಇದರಿಂದ ಗುಣಿಸಿದರೆ 13.97 ಬರುತ್ತದೆ.

ಇಷ್ಟೇ ಅಲ್ಲ. ಹಳೆಯ ಟಯರ್ ಪೂರ್ತಿ ಸವೆದಿತ್ತೆಂದು ನೀವೇ ಬರೆದಿದ್ದೀರಿ. ಎಂಟು ಮಿಲಿಮೀಟರ್ ಆಳದ ಗೆರೆಗಳು ಸವೆದು 1.6 ಮಿಲಿಮೀಟರಿಗೆ ಇಳಿದರೆ ವ್ಯಾಸ ಸುಮಾರು 13 ಮಿಲಿಮೀಟರ್ ಕುಗ್ಗುತ್ತದೆ. ಅಂಥ ಟಯರಿನಲ್ಲಿ ಮೀಟರು ನಿಜಕ್ಕಿಂತ ಹೆಚ್ಚು ದೂರವನ್ನು ತೋರಿಸುತ್ತಿರುತ್ತದೆ. ಆದ್ದರಿಂದ ನಿಮ್ಮ ಹಳೆಯ 14 ನಿಜದಲ್ಲಿ 13.75ರ ಆಸುಪಾಸಿನಲ್ಲಿತ್ತು. ಇಳಿಯಿತೆಂದು ನೀವು ಚಿಂತಿಸುತ್ತಿರುವ ಮೈಲೇಜ್ ಇಳಿದೇ ಇಲ್ಲ, ಒಂದು ಕೂದಲೆಳೆಯಷ್ಟು ಏರಿರಲೂಬಹುದು. ಆದರೆ ಈ 0.2ರ ವ್ಯತ್ಯಾಸ ಅಳತೆಯ ತಪ್ಪಿನೊಳಗೇ ಅಡಗಿ ಹೋಗುವಂಥದ್ದು. ಅದನ್ನು ಹಿಡಿದು ಅಂಗಡಿಯವರ ಮಾತು ನಿಜವಾಯಿತೆನ್ನಲು ನಾನು ಸಿದ್ಧನಿಲ್ಲ.

ಸರಿಯಾಗಿ ಅಳೆಯಬೇಕಾದರೆ ಒಂದೇ ಪಂಪಿನಲ್ಲಿ ಟ್ಯಾಂಕ್ ತುಂಬಿಸಿ ಹೊರಟು, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಅಲ್ಲಿಯೇ ಮತ್ತೆ ತುಂಬಿಸಿ, ಎಷ್ಟು ಲೀಟರ್ ಹಿಡಿಯಿತೆಂದು ನೋಡಬೇಕು. ದೂರವನ್ನು ಮೊಬೈಲಿನ ಜಿಪಿಎಸ್‌ನಲ್ಲಿ ಗುರುತಿಸಿಕೊಳ್ಳಬೇಕು. ನಮ್ಮ ಕಡೆಯವರಿಗೆ ಕುಂಬಳೆಯಲ್ಲಿ ಐನೂರು ರೂಪಾಯಿಗೆ ಹಾಕಿಸಿ, ಅಗ್ಗವೆಂದು ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಬಂದ ಮೇಲೆ ಟ್ಯಾಂಕ್ ತುಂಬಿಸುವ ಅಭ್ಯಾಸವಿದೆ. ನಡುವಿನ ಬಿಲ್ಲನ್ನು ಬರೆದಿಡದಿದ್ದರೆ ಆ ಮೈಲೇಜಿಗೆ ಯಾವ ಬೆಲೆಯೂ ಇಲ್ಲ.

ಇನ್ನು ಗೇರಿನ ವಿಷಯ. ಎಂಜಿನ್ ಎಷ್ಟು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂಬುದನ್ನು ಗೇರ್‌ಬಾಕ್ಸ್ ಮತ್ತು ಹಿಂದಿನ ಅಚ್ಚಿನ ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ ಸೇರಿ ನಿರ್ಧರಿಸುತ್ತವೆ. ಉದಾಹರಣೆಗೆ ಕ್ರೌನಿನಲ್ಲಿ 41 ಹಲ್ಲು, ಪಿನಿಯನ್ನಿನಲ್ಲಿ 10 ಹಲ್ಲು ಇದ್ದರೆ ಅನುಪಾತ 4.1. ಎಂಜಿನ್ನೂ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟೂ ಒಂದಕ್ಕೊಂದು ಸಮನಾಗಿ ತಿರುಗುವ ಗೇರಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಳೆಯ ಅಳತೆಯ ಟಯರಿಗೆ ಎಂಜಿನ್ ನಿಮಿಷಕ್ಕೆ ಸುಮಾರು 1855 ಸುತ್ತು ತಿರುಗಬೇಕು, ಹೊಸದಕ್ಕೆ 1780 ಸಾಕು. ಕ್ರೌನ್ ಪಿನಿಯನ್ ಮುಟ್ಟದೆಯೇ ಅನುಪಾತವನ್ನು 4.1ರಿಂದ 3.93ಕ್ಕೆ ಇಳಿಸಿದಂತಾಯಿತು. ಸುತ್ತು ಕಡಿಮೆಯಾದಷ್ಟೂ ಎಂಜಿನ್ನಿನೊಳಗಿನ ಉಜ್ಜಾಟದಲ್ಲಿ ಪೋಲಾಗುವ ಇಂಧನ ಕಡಿಮೆಯಾಗುತ್ತದೆ ಎಂಬಷ್ಟರ ಮಟ್ಟಿಗೆ ಅಂಗಡಿಯವರು ಹೇಳಿದ್ದು ಸುಳ್ಳಲ್ಲ.

ಅವರು ಹೇಳದೆ ಬಿಟ್ಟದ್ದು ರಸ್ತೆಯ ವಿಷಯ. ಸುತ್ತು ಎಷ್ಟು ಇಳಿಯಿತೋ, ಚಕ್ರದ ಅಂಚಿನಲ್ಲಿ ಸಿಗುವ ಎಳೆತವೂ ಅಷ್ಟೇ ಇಳಿಯುತ್ತದೆ. ಲೋಡ್ ಸೇರಿ ಮೂರು ಟನ್ ತೂಗುವ ಗಾಡಿ ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಟಯರುಗಳ ತಡೆಯನ್ನು ಗೆಲ್ಲಲು ಸುಮಾರು 30 ಕಿಲೋಗ್ರಾಂ ಭಾರದಷ್ಟು ಎಳೆತ ಸಾಕು. ನೂರು ಅಡಿಗೆ ಆರಡಿ ಏರುವ ಗುಡ್ಡೆ ಸಿಕ್ಕಿದೊಡನೆ ಅದರ ಮೇಲೆ ಮತ್ತೆ 180 ಕಿಲೋಗ್ರಾಂ ಬೇಕಾಗುತ್ತದೆ. ಬದಿಯಡ್ಕದಿಂದ ಪುತ್ತೂರಿನವರೆಗಿನ ದಾರಿ ಎಂಥದ್ದೆಂದು ನಿಮಗೆ ನಾನು ಹೇಳಬೇಕಾಗಿಲ್ಲ: ಒಂದು ಗುಡ್ಡೆ ಇಳಿದು ತೋಡು ದಾಟುವಷ್ಟರಲ್ಲಿ ಇನ್ನೊಂದು ಗುಡ್ಡೆ. ಮೊದಲು ನಾಲ್ಕನೆಯ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಈಗ ಮೂರನೆಯದರಲ್ಲಿ ಹತ್ತಬೇಕಾಗಿ ಬಂದರೆ, ಸುತ್ತು ಇಳಿಯುವ ಬದಲು ಮೊದಲಿಗಿಂತ ಹೆಚ್ಚುತ್ತದೆ. ಹಾಗೆಂದು ನಾಲ್ಕನೆಯದರಲ್ಲೇ ಗಾಡಿ ನಡುಗುವಷ್ಟು ಎಳೆಸಿದರೆ ಹೊಗೆ ಬರುವುದೇ ಹೊರತು ಡೀಸೆಲ್ ಉಳಿಯುವುದಿಲ್ಲ, ಕ್ಲಚ್ ಪ್ಲೇಟೂ ಬೇಗ ಹೋಗುತ್ತದೆ. ದೊಡ್ಡ ಟಯರಿನ ಲಾಭವೇನಿದ್ದರೂ ಅದು ನಿಮ್ಮ ಮಂಗಳೂರು ಪ್ರಯಾಣದಲ್ಲಿ, ಕೊನೆಯ ಗೇರಿನಲ್ಲಿ ಒಂದೇ ವೇಗದಲ್ಲಿ ಸಾಗುವ ಹೆದ್ದಾರಿಯಲ್ಲಿ. ಅಲ್ಲಿಯೂ 80ರ ವೇಗದಲ್ಲಿ ಗಾಳಿಯ ತಡೆ 60ರಲ್ಲಿದ್ದುದರ ಸುಮಾರು 1.8 ಪಟ್ಟು ಇರುತ್ತದೆಯಾದ್ದರಿಂದ, ಟಯರ್ ಬದಲಿಸಿದ್ದಕ್ಕಿಂತ ವೇಗ ತಗ್ಗಿಸಿದ್ದು ಹೆಚ್ಚು ಉಳಿಸುತ್ತದೆ.

ಕ್ರೌನ್ ಪಿನಿಯನ್ ಬದಲಿಸಿ ಹಳೆಯ ಎಳೆತವನ್ನು ಮರಳಿ ಪಡೆಯಲು 4.1ರ ಬದಲು 4.28ರ ಅನುಪಾತ ಬೇಕು. ಅಷ್ಟು ಸಣ್ಣ ಅಂತರಕ್ಕಾಗಿ ಹೌಸಿಂಗ್ ಬಿಚ್ಚಿಸಿ, ಹೊಸ ಜೋಡಿ ಹಲ್ಲು ಕೂರಿಸಿ, ಖರ್ಚು ಮಾಡುವುದು ನನ್ನ ದೃಷ್ಟಿಯಲ್ಲಿ ದಂಡ. ಈ ಟಯರ್ ಸವೆದ ಮೇಲೆ ಹಳೆಯ ಅಳತೆಗೇ ಮರಳಿರಿ. ಅದಕ್ಕೆ ಮೊದಲು ಒಂದನ್ನು ಮಾತ್ರ ಇಂದೇ ನೋಡಿ: ಟಯರಿನ ಬದಿಯಲ್ಲಿ ಅಳತೆಯ ಪಕ್ಕದಲ್ಲೇ ಭಾರದ ಸಂಖ್ಯೆ ಇರುತ್ತದೆ. 105 ಎಂದಿದ್ದರೆ ಆ ಟಯರ್ ಹೊರಬಲ್ಲದ್ದು 925 ಕಿಲೋಗ್ರಾಂ, 109 ಎಂದಿದ್ದರೆ 1030. 235/75 ಆರ್ 15 ಅಳತೆ ಜೀಪು, ಕಾರುಗಳಿಗೂ ಬರುತ್ತದೆ. ನಿಮ್ಮ ಹಳೆಯ ಟಯರಿನ ಸಂಖ್ಯೆಗಿಂತ ಇದು ಕಡಿಮೆಯಿದ್ದರೆ ಮೈಲೇಜ್ ಹಾಗಿರಲಿ, ಲೋಡ್ ಹಾಕುವುದೇ ಅಪಾಯ. ಹಿಂದಿನ ಪಟ್ಟೆ ಸ್ಪ್ರಿಂಗ್ ಲೋಡಿಗೆ ಕುಸಿದಾಗ ಟಯರ್ ಎಲ್ಲಿಯಾದರೂ ಉಜ್ಜುತ್ತದೆಯೇ ಎಂದೂ ಪರೀಕ್ಷಿಸಿ. ಜೊತೆಗೆ ಸ್ಪೀಡೋಮೀಟರ್ 60 ತೋರಿಸುವಾಗ ನೀವು ಅದು ಅಂದುಕೊಂಡದ್ದಕ್ಕಿಂತ ಎರಡೂವರೆ ಕಿಲೋಮೀಟರ್ ಹೆಚ್ಚು ವೇಗದಲ್ಲಿರುತ್ತೀರಿ ಎಂಬುದು ನೆನಪಿರಲಿ.

ಪ್ರಶ್ನೆ: ಕೆಂಪುಕಲ್ಲಿನ ಕೋರೆಯಲ್ಲಿ ದುಡಿದ ಹಳೆಯ ಟಿಪ್ಪರ್ ಲಾರಿಯೊಂದನ್ನು ಕೊಂಡಿದ್ದೇನೆ. ಟಯರ್ 10.00-20. ಹೌಸಿಂಗಿನಲ್ಲಿ 41ಕ್ಕೆ 6 ಹಲ್ಲಿನ ಕ್ರೌನ್ ಪಿನಿಯನ್ ಇದೆ. ಇನ್ನು ಮುಂದೆ ಹೆದ್ದಾರಿಯಲ್ಲಿಯೇ ಓಡಿಸುವ ಯೋಚನೆ. 41ಕ್ಕೆ 7ರದ್ದು ಹಾಕಿಸಿದರೆ ಡೀಸೆಲ್ ಉಳಿಯುತ್ತದೆಯೇ?
– ಸೀತಾಂಗೋಳಿಯ ಲಾರಿ ಮಾಲೀಕರು

ಉತ್ತರ: ನಿಮ್ಮ ವಿಷಯದಲ್ಲಿ ಬದಲಾವಣೆಗೆ ಅರ್ಥವಿದೆ. 41ಕ್ಕೆ 6 ಎಂದರೆ 6.83, ಕೋರೆಯ ಗುಂಡಿಯಿಂದ ಕಲ್ಲು ತುಂಬಿದ ಲಾರಿಯನ್ನು ಮೇಲೆತ್ತಲು ಬೇಕಾದ ಅನುಪಾತ ಅದು. ಸುಮಾರು 1.05 ಮೀಟರ್ ವ್ಯಾಸದ ನಿಮ್ಮ ಟಯರಿನಲ್ಲಿ, ಓವರ್‌ಡ್ರೈವ್ (ಹೊರಬರುವ ಶಾಫ್ಟು ಎಂಜಿನ್ನಿಗಿಂತ ಹೆಚ್ಚು ತಿರುಗುವ ಗೇರ್) ಇಲ್ಲದ ಗೇರ್‌ಬಾಕ್ಸ್ ಇದ್ದರೆ, 60ರ ವೇಗಕ್ಕೆ ಎಂಜಿನ್ ನಿಮಿಷಕ್ಕೆ 2070ರಷ್ಟು ಸುತ್ತು ತಿರುಗಬೇಕಾಗುತ್ತದೆ. 41ಕ್ಕೆ 7, ಅಂದರೆ 5.86 ಹಾಕಿಸಿದರೆ ಅದು 1775ಕ್ಕೆ ಇಳಿಯುತ್ತದೆ. ಸುತ್ತು ಶೇಕಡಾ 14ರಷ್ಟು ಇಳಿಯಿತೆಂದು ಡೀಸೆಲೂ ಶೇಕಡಾ 14ರಷ್ಟು ಉಳಿಯುತ್ತದೆಂದು ಭಾವಿಸಬೇಡಿ. ಲಾರಿಯನ್ನು ದೂಡಲು ಬೇಕಾದ ಶಕ್ತಿ ಮೊದಲಿನಷ್ಟೇ ಇರುತ್ತದೆ, ಕಡಿಮೆಯಾಗುವುದು ಎಂಜಿನ್ ತನ್ನೊಳಗೆ ತಾನೇ ತಿನ್ನುವ ಪಾಲು ಮಾತ್ರ. ನೂರು ಸುತ್ತಿಗೆ ಶೇಕಡಾ ಒಂದು ಎಂಬುದು ಲಾರಿ ಲೋಕದಲ್ಲಿ ಬಳಕೆಯಲ್ಲಿರುವ ಸ್ಥೂಲ ಲೆಕ್ಕ. ಅದರಂತೆ ಹೆದ್ದಾರಿಯಲ್ಲಿ ಶೇಕಡಾ ಮೂರರ ಸುತ್ತಮುತ್ತ ಉಳಿಯಬಹುದು.

ಆದರೆ ನೀವು ಪೂರ್ತಿ ಲೋಡಿನಲ್ಲಿ ಸುಳ್ಯ, ಸಂಪಾಜೆ ದಾರಿಯಾಗಿ ಮಡಿಕೇರಿ ಹತ್ತುವವರಾದರೆ ಈ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಘಾಟಿಯಲ್ಲಿ ಒಂದೊಂದು ಗೇರ್ ಕೆಳಗೆ ಕೂತು ಹತ್ತುವಾಗ ಹೆದ್ದಾರಿಯ ಉಳಿತಾಯ ಕರಗುತ್ತದೆ. ಬದಲಿಸುವುದಾದರೂ ನಿಮ್ಮ ಮಾದರಿಗೆ ತಯಾರಕರೇ ಕೊಡುತ್ತಿದ್ದ ಜೋಡಿಯನ್ನೇ ಹಾಕಿಸಿ, ಕ್ರೌನ್ ಒಂದು ಕಡೆಯದು, ಪಿನಿಯನ್ ಇನ್ನೊಂದು ಕಡೆಯದು ಆಗದಂತೆ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯಲ್ಲಿರುವ ತಯಾರಕರ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಆದ್ದರಿಂದ ಕೆಲಸಕ್ಕೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಹಿಂದಿನ ಜೋಡಿ ಚಕ್ರಗಳಲ್ಲಿ ಒಂದು ಹೊಸ ಟಯರ್, ಒಂದು ಸವೆದ ಟಯರ್ ಹಾಕುವ ಅಭ್ಯಾಸವನ್ನೂ ಬಿಡಿ. ಎರಡರ ವ್ಯಾಸದಲ್ಲಿ ಆರು ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ದೊಡ್ಡದು ಭಾರವನ್ನೆಲ್ಲ ಹೊರುತ್ತದೆ, ಚಿಕ್ಕದು ರಸ್ತೆಗೆ ಉಜ್ಜಿಕೊಂಡು ಬರುತ್ತದೆ, ಇಬ್ಬರ ಖರ್ಚೂ ನಿಮ್ಮ ಡೀಸೆಲಿನದೇ.

ಪ್ರಶ್ನೆ: ಘಾಟಿ ಇಳಿಯುವಾಗ ಗೇರನ್ನು ನ್ಯೂಟ್ರಲ್‌ಗೆ ಹಾಕಿದರೆ ಡೀಸೆಲ್ ಉಳಿಯುವುದಿಲ್ಲವೇ?
– ಮುಳ್ಳೇರಿಯದ ಚಾಲಕರು

ಉತ್ತರ: ಇಲ್ಲ. ಈಗಿನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವ ಡೀಸೆಲ್ ಗಾಡಿಗಳಲ್ಲಿ ಗೇರಿನಲ್ಲಿದ್ದುಕೊಂಡೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪಂಪು ಡೀಸೆಲ್ ಕೊಡುವುದನ್ನು ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಇರಿಸಲು ಸ್ವಲ್ಪವಾದರೂ ಡೀಸೆಲ್ ಹೋಗುತ್ತಲೇ ಇರುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಗಾಡಿಗೆ ದೊಡ್ಡ ಟಯರ್ ಹಾಕಿಸಿದ್ದರಂತೂ ಎಂಜಿನ್ ಹಿಡಿದು ನಿಲ್ಲಿಸುವ ಬಲವೂ ಬ್ರೇಕಿನ ಬಲವೂ ಎರಡೂ ಕುಗ್ಗಿರುತ್ತವೆ. ಮೊದಲು ಇಳಿಯುತ್ತಿದ್ದುದಕ್ಕಿಂತ ಒಂದು ಗೇರ್ ಕೆಳಗೆ ಹಾಕಿ ಇಳಿಯಿರಿ.