ಇಲಿಗೂ ಗೀಳು ಕಾಯಿಲೆ ಬರುತ್ತದೆಯೇ?

ಪ್ರಶ್ನೆ: ನಮ್ಮದು ನಾಪೋಕ್ಲು ಕಡೆ ಕಾಫಿ ತೋಟ. ಅತ್ತಿಗೆಗೆ ಎರಡು ವರ್ಷದಿಂದ ಕೈ ತೊಳೆಯುವ ಗೀಳು. ಕಕ್ಕಡದ ಮಳೆಚಳಿಯಲ್ಲೂ ಸೋಪು ಕರಗುತ್ತಲೇ ಇರುತ್ತದೆ, ಬೆರಳ ಸಂದಿ ಒಡೆದು ರಕ್ತ ಬರುತ್ತದೆ. ತೋಟದಿಂದ ಬಂದವರೆಲ್ಲ ಅಂಗಳದಲ್ಲೇ ಬಟ್ಟೆ ಬದಲಿಸಿ ಒಳಗೆ ಬರಬೇಕು. ಮಡಿಕೇರಿಯಲ್ಲಿ ತೋರಿಸಿದೆವು. ಓಸಿಡಿ, ಅಂದರೆ ಗೀಳು ಕಾಯಿಲೆ ಎಂದು ಫ್ಲೂಆಕ್ಸೆಟಿನ್ ಮಾತ್ರೆ ಕೊಟ್ಟಿದ್ದಾರೆ. ಮೂರು ವಾರವಾದರೂ ಗುಣ ಕಾಣುತ್ತಿಲ್ಲ. ಇದನ್ನು ಇಲಿಗಳ ಮೇಲೆ ಅಧ್ಯಯನ ಮಾಡುತ್ತಾರೆಂದು ಮಗ ಓದಿ ಹೇಳಿದ. ಮೈಲಿಗೆಯ ಯೋಚನೆ ಇಲಿಗೆ ಎಲ್ಲಿಂದ ಬರಬೇಕು? ನಮ್ಮ ತೋಟದ ನಾಯಿಯೂ ಮುಂಗಾಲನ್ನು ಹುಣ್ಣಾಗುವಷ್ಟು ನೆಕ್ಕುತ್ತದೆ. ಅದಕ್ಕೂ ಇದೇ ಕಾಯಿಲೆಯೇ?

ಉತ್ತರ: ಇಲಿಗೆ ಅಂಥ ಯೋಚನೆ ಇದೆಯೋ ಇಲ್ಲವೋ ತಿಳಿಯುವ ದಾರಿಯೇ ನಮಗಿಲ್ಲ. ಗೀಳು ಕಾಯಿಲೆಯಲ್ಲಿ ಬೇಡವೆಂದರೂ ನುಗ್ಗುವ ಯೋಚನೆ ಒಂದು, ಆ ತಳಮಳ ತಗ್ಗಿಸಲು ಮತ್ತೆ ಮತ್ತೆ ಮಾಡುವ ಕೆಲಸ ಇನ್ನೊಂದು. ಮೊದಲನೆಯದನ್ನು ನಿಮ್ಮ ಅತ್ತಿಗೆ ಬಾಯಿಬಿಟ್ಟು ಹೇಳಬೇಕು. ಎರಡನೆಯದನ್ನು ಯಾರು ಬೇಕಾದರೂ ನೋಡಿ ಎಣಿಸಬಹುದು. ಪ್ರಯೋಗಾಲಯದ ಕೈಗೆ ಸಿಗುವುದು ಈ ಎರಡನೆಯದು.

ಅಷ್ಟರಿಂದಲೇ ಬಹಳ ತಿಳಿದಿದೆ. 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಗುವೊಪಿಂಗ್ ಫೆಂಗ್ ಅವರ ತಂಡ ಸಪಾಪ್3 ಎಂಬ ಜೀನ್ ಇಲ್ಲದ ಇಲಿಗಳ ಬಗ್ಗೆ ಬರೆಯಿತು. ಇಲಿಗಳೆಲ್ಲ ಮುಂಗಾಲಿನಿಂದ ಮುಖ ಒರೆಸಿಕೊಳ್ಳುತ್ತವೆ. ಆದರೆ ಇವು ಎಷ್ಟು ಉಜ್ಜಿಕೊಂಡವೆಂದರೆ ಕೂದಲು ಉದುರಿ, ಚರ್ಮ ಕಿತ್ತು, ಮುಖವೆಲ್ಲ ಗಾಯವಾಯಿತು. ಮಿದುಳಿನ ಆಳದ ಸ್ಟ್ರೈಯೇಟಮ್ ಭಾಗಕ್ಕಷ್ಟೇ ಆ ಜೀನನ್ನು ಮರಳಿಸಿದಾಗ ಉಜ್ಜುವುದು ತಗ್ಗಿತು. ಫ್ಲೂಆಕ್ಸೆಟಿನ್‌ನಿಂದಲೂ ತಗ್ಗಿತು, ಅದೂ ಒಂದು ಸಲ ಕೊಟ್ಟಾಗ ಅಲ್ಲ, ದಿನವೂ ಬಿಡದೆ ಕೊಟ್ಟಾಗ. 2013ರಲ್ಲಿ ಸುಸಾನ್ ಅಹ್ಮರಿ ಮತ್ತು ಜೊತೆಗಾರರು ಆರೋಗ್ಯವಂತ ಇಲಿಗಳಲ್ಲಿ ಹಣೆಯ ಹಿಂದಿನ ಮಿದುಳಿನಿಂದ ಸ್ಟ್ರೈಯೇಟಮ್‌ಗೆ ಹೋಗುವ ನರಗಳನ್ನು ದಿನಕ್ಕೆ ಕೆಲವೇ ನಿಮಿಷ ಬೆಳಕಿನಿಂದ ಕೆಣಕಿದರು. ಮೊದಲ ದಿನ ಬದಲಾವಣೆ ಕಾಣಲಿಲ್ಲ. ದಿನ ಕಳೆದಂತೆ ಉಜ್ಜುವ ಚಾಳಿ ಬೆಳೆಯಿತು, ಬೆಳಕು ನಿಲ್ಲಿಸಿದ ಮೇಲೂ ಉಳಿಯಿತು. ಓಸಿಡಿ ಇರುವವರ ಮಿದುಳಿನ ಸ್ಕ್ಯಾನ್‌ಗಳಲ್ಲಿಯೂ ಇದೇ ನರಜಾಲದ ಚಟುವಟಿಕೆ ಹೆಚ್ಚಿರುವುದು ಕಂಡುಬಂದಿದೆ.

ಇಲಿಯ ಪ್ರಯೋಗಗಳೆಲ್ಲ ಒಂದೇ ತೂಕದವಲ್ಲ. ಗಾಜಿನ ಗೋಲಿಗಳನ್ನು ಇಲಿ ಎಷ್ಟು ಹೂಳುತ್ತದೆ ಎಂದು ಎಣಿಸುವ ಪರೀಕ್ಷೆಯನ್ನು ನಾನು ಹೆಚ್ಚು ನಂಬುವುದಿಲ್ಲ. ಅಗೆಯುವುದು ಇಲಿಯ ಹುಟ್ಟುಗುಣ. ಓಸಿಡಿಗೆ ಅಷ್ಟಾಗಿ ನಾಟದ, ಆತಂಕ ತಗ್ಗಿಸುವ ಡಯಾಜೆಪಾಮ್ ಔಷಧಿ ಕೊಟ್ಟರೂ ಅದು ಹೂಳುವುದನ್ನು ಕಡಿಮೆ ಮಾಡುತ್ತದೆ. ಸಪಾಪ್3 ಇಲಿಯಲ್ಲಿ ಇಲ್ಲದ್ದು ಒಂದೇ ಜೀನ್. ಮನುಷ್ಯರಲ್ಲಿ ನೂರಾರು ಜೀನ್‌ಗಳ ಸಣ್ಣಸಣ್ಣ ಪಾಲು ಸೇರಿರುತ್ತದೆ, ಜೊತೆಗೆ ಬದುಕಿನ ಏಟುಗಳೂ.

ಮಾತ್ರೆಯ ಬಗ್ಗೆ: ಮೂರು ವಾರಕ್ಕೆ ಕೈಚೆಲ್ಲಬೇಡಿ. ಓಸಿಡಿಯಲ್ಲಿ ಈ ಔಷಧಿ ನಾಟಲು ಸಾಮಾನ್ಯವಾಗಿ 8ರಿಂದ 12 ವಾರ ಬೇಕು. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣವೂ ಅನೇಕರಿಗೆ ಬೇಕಾಗುತ್ತದೆ. ಅದನ್ನು ವೈದ್ಯರೇ ಏರಿಸಲಿ, ನೀವಾಗಿ ನಿಲ್ಲಿಸಬೇಡಿ. ಇದರ ಜೊತೆಗೆ ವರ್ತನಾ ಚಿಕಿತ್ಸೆ ಬೇಕೇ ಬೇಕು. ತೋಟದ ಗಂಬೂಟನ್ನು ಒಂದು ಬೆರಳಿನಿಂದ ಮುಟ್ಟಿ, ಕೈ ತೊಳೆಯದೆ ಕೂತು, ತಳಮಳ ತಾನಾಗಿ ಇಳಿಯುವವರೆಗೆ ಕಾಯುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಇಲಿಗೆ ಇದನ್ನು ವಿವರಿಸಿ ಒಪ್ಪಿಸಲಾಗದು, ನಿಮ್ಮ ಅತ್ತಿಗೆಗೆ ಸಾಧ್ಯ. ಅಂಗಳದಲ್ಲಿ ಬಟ್ಟೆ ಬದಲಿಸುವುದು ನಿಮ್ಮ ಕಡೆಯಿಂದ ಪ್ರೀತಿಯೇ, ಆದರೆ ಗೀಳಿಗೆ ಅದೇ ಗೊಬ್ಬರ. ಒಮ್ಮೆಲೇ ನಿಲ್ಲಿಸಿ ಅವರನ್ನು ಕಂಗೆಡಿಸಬೇಡಿ. ಚಿಕಿತ್ಸಕರೊಂದಿಗೆ ಕೂತು, ಅವರನ್ನೂ ಒಪ್ಪಿಸಿ, ಒಂದೊಂದಾಗಿ ಬಿಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೆಂದೇ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಾಯಿ. ಹೀಗೆ ಕಾಲು ನೆಕ್ಕುವ ನಾಯಿಗಳ ಮೇಲೆ 1990ರ ದಶಕದ ಆರಂಭದಲ್ಲೇ ಅಮೆರಿಕದ ಮನೋವೈದ್ಯೆ ಜುಡಿತ್ ರಾಪೊಪೋರ್ಟ್ ಅವರು ಓಸಿಡಿಯ ಔಷಧಿ ಕ್ಲೊಮಿಪ್ರಮಿನ್ ಪರೀಕ್ಷಿಸಿದ್ದರು, ನೆಕ್ಕುವುದು ಕಡಿಮೆಯಾಯಿತು. ಇದು ಯಾರೂ ಹುಟ್ಟಿಸಿದ ಕಾಯಿಲೆಯಲ್ಲವಾದ್ದರಿಂದ ಇಲಿಗಿಂತ ನಾಯಿಯೇ ನಮಗೆ ಹತ್ತಿರ ಎಂಬುದು ನನ್ನ ಅನಿಸಿಕೆ. ಆದರೆ ನಿಮ್ಮ ನಾಯಿಗೆ ಈಗಲೇ ಆ ಹೆಸರು ಕೊಡಬೇಡಿ. ಉಣ್ಣೆ, ಜಿಗಣೆ ಕಚ್ಚಿದ ಗಾಯ, ಬೆರಳ ಸಂದಿಯ ಫಂಗಸ್, ಕೀಲುನೋವು ಇವನ್ನೆಲ್ಲ ಪಶುವೈದ್ಯರು ಮೊದಲು ನೋಡಲಿ. ಹಗಲೆಲ್ಲ ಒಂಟಿಯಾಗಿ ಕಟ್ಟಿಹಾಕಿದ್ದರೆ ಬಿಚ್ಚಿ ಓಡಾಡಿಸಿ. ಅತ್ತಿಗೆಯ ಮಾತ್ರೆಯನ್ನು ಮಾತ್ರ ಅದಕ್ಕೆ ಕೊಟ್ಟು ನೋಡಬೇಡಿ. ಔಷಧಿ ಬೇಕಾದರೆ ಪಶುವೈದ್ಯರೇ ಅದರ ತೂಕ ನೋಡಿ ಬರೆದುಕೊಡುತ್ತಾರೆ.