ಎಲ್‌ಕೆಜಿ ಮಗುವಿಗೆ ಯಾವ ಊಟದ ಡಬ್ಬಿ ಒಳ್ಳೆಯದು: ಸ್ಟೀಲೋ, ಪ್ಲಾಸ್ಟಿಕ್ಕೋ?

ಸ್ಟೀಲನ್ನೇ ತಗೊಳ್ಳಿ. ಆದರೆ ಅದಕ್ಕೂ ಮೊದಲು ಮುಚ್ಚಳ ನೋಡಿ.

ನನ್ನ ಮಗ ಮೊದಲ ವಾರ ಚಿತ್ರಾನ್ನವನ್ನು ಮುಟ್ಟದೆ ಹಾಗೇ ವಾಪಸ್ ತರುತ್ತಿದ್ದ. ರುಚಿಸಲಿಲ್ಲವೇನೋ ಅಂದುಕೊಂಡಿದ್ದೆ. ಕೇಳಿದರೆ, "ಅಮ್ಮಾ, ಮುಚ್ಚಳ ಬರಲ್ಲ" ಅಂದ. ಕರುಳು ಚುರುಕ್ ಅಂತು. ಬಿಸಿ ಅನ್ನ ತುಂಬಿ ತಕ್ಷಣ ಬಿಗಿಯಾಗಿ ಮುಚ್ಚಿದರೆ ಒಳಗಿನ ಹಬೆ ತಣಿದು ನೀರಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. ದೊಡ್ಡವರೇ ತೆಗೆಯಲು ಒದ್ದಾಡಬೇಕು. ಹಬೆಯಾಡುವುದು ನಿಂತ ಮೇಲೆ ಮುಚ್ಚಿ. ಕೊಳ್ಳುವಾಗ ಅಂಗಡಿಯಲ್ಲೇ ಮಗುವಿನ ಕೈಗೆ ಕೊಟ್ಟು ತೆಗೆಸಿ, ಮುಚ್ಚಿಸಿ. ತಿರುಗಿಸುವ ಮುಚ್ಚಳಕ್ಕಿಂತ ಪಕ್ಕದಲ್ಲಿ ಕ್ಲಿಪ್ ಇರುವುದು ಪುಟ್ಟ ಬೆರಳುಗಳಿಗೆ ಸುಲಭ.

ಸ್ಟೀಲ್ ಡಬ್ಬಿಯಲ್ಲಿ 304 ದರ್ಜೆ ಕೇಳಿ. ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುವುದರಿಂದ ನಿಂಬೆ, ಹುಣಸೆಯ ಹುಳಿಗೂ ಚೆನ್ನಾಗಿ ತಡೆಯುತ್ತದೆ. ಪ್ಲಾಸ್ಟಿಕ್ ಹಗುರ, ನಿಜ. ಆದರೆ ಅರಿಶಿನದ ಕಲೆ, ಒಗ್ಗರಣೆ ವಾಸನೆ ಅದನ್ನು ಬಿಟ್ಟು ಹೋಗುವುದಿಲ್ಲ. ಬಿಸಿ ಊಟವನ್ನಂತೂ ಅದರಲ್ಲಿ ಹಾಕಬೇಡಿ.

ಮುಚ್ಚಳದ ಒಳಗಿನ ರಬ್ಬರ್ ರಿಂಗ್ ಬಿಡಿಸಲು ಬರಬೇಕು. ಅದರ ಸಂದಿಯಲ್ಲಿ ಮೊಸರನ್ನ ಕೂತರೆ ಎರಡೇ ದಿನಕ್ಕೆ ಮುಗ್ಗಲು ವಾಸನೆ, ಆಮೇಲೆ ಕಪ್ಪು ಬೂಷ್ಟು. ದಿನಾ ಬಿಡಿಸಿ ತೊಳೆದು ಒಣಗಿಸಿ.

ನಾಲ್ಕು ಖಾನೆಯ ದೊಡ್ಡ ಡಬ್ಬಿ ಬೇಡ, ಬ್ಯಾಗಿಗೂ ಭಾರ. ಊಟಕ್ಕೆ 350–400 ಮಿಲಿಲೀಟರಿನದು, ಹಣ್ಣಿಗೆ ಇನ್ನೊಂದು ಪುಟ್ಟದು ಸಾಕು. ಹೆಸರನ್ನು ಪಾತ್ರೆ ಅಂಗಡಿಯಲ್ಲೇ ಕೊರೆಸಿಬಿಡಿ, ಮುಚ್ಚಳದ ಮೇಲೂ.